ಪೇಟ ಕಂಡರೆ ಮಾತ್ರ ತೆರೆಯುವ ಟ್ಯಾಬು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ಗವಿಸಿದ್ದಪ್ಪ ಮೇಷ್ಟ್ರಿಗೆ ಮೊಬೈಲಿನ ವಿಷಯದಲ್ಲಿ ತಿಳಿಯದೆ ಇದ್ದದ್ದು ಯಾವುದೂ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಬೇರೆಯವರು ಹೇಳಿದ್ದನ್ನು ನಾವು ಕೇಳಿಲ್ಲ. ಓಣಿಯಲ್ಲಿ ಯಾರದಾದರೂ ಫೋನು ಕೆಟ್ಟು ಕೂತರೆ ಮೇಷ್ಟ್ರು ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗಿನ ಸಾಫ್ಟ್‌ವೇರ್ ಹೋಗೇತಿ" ಎಂದು ನಿಟ್ಟುಸಿರು ಬಿಟ್ಟು ವಾಪಸು ಕೊಡುತ್ತಿದ್ದರು. ಫೋನು ರಿಪೇರಿಯಾಗುತ್ತಿರಲಿಲ್ಲ. ಆದರೆ ದೊಡ್ಡವರು ಮುಟ್ಟಿದರಲ್ಲ ಎಂಬ ಸಮಾಧಾನ ಜನರಿಗೆ ಸಿಗುತ್ತಿತ್ತು.

ಕಂಪ್ಲಿ ರಸ್ತೆಯ ಕಾಲುವೆ ಕ್ಯಾಂಪು ಎಂಬ ಪುಟ್ಟ ಊರಿನ ಶಾಲೆಯಲ್ಲಿ ಅವರು ವಿಜ್ಞಾನದ ಮೇಷ್ಟ್ರು. ಶಾಲೆಯ ಮುಂದೆ ಕಾಲುವೆ, ಸುತ್ತ ಬತ್ತದ ಗದ್ದೆ, ಹಿಂದೆ ಎಮ್ಮೆಗಳು. ಇಂಥ ಶಾಲೆಗೆ ಒಂದು ಟ್ರಸ್ಟಿನವರು ಒಂದು ತರಗತಿಗೆ ಸಾಲುವಷ್ಟು ಟ್ಯಾಬುಗಳನ್ನು ದಾನ ಕೊಟ್ಟರು. ಅವುಗಳಿಂದ ಮಕ್ಕಳ ಕಲಿಕೆಯೂ ಸೃಜನಶೀಲತೆಯೂ ಅರಳಬೇಕೆಂಬುದು ದಾನಿಗಳ ಆಸೆ. ಅರಳದಿದ್ದರೆ ಮೂರು ತಿಂಗಳ ಮೇಲೆ ಟ್ಯಾಬುಗಳನ್ನು ಎತ್ತಿಕೊಂಡು ಹೋಗಿ ಸಂಡೂರು ಕಡೆಯ ಇನ್ನೊಂದು ಶಾಲೆಗೆ ಕೊಡುವುದೆಂದು ಷರತ್ತು. ಆ ಶಾಲೆಯ ಮುಖ್ಯೋಪಾಧ್ಯಾಯ ರೇವಣಸಿದ್ದ. ಅವನು ಗವಿಸಿದ್ದಪ್ಪ ಮೇಷ್ಟ್ರ ಹೆಂಡತಿ ಪಂಪಮ್ಮನ ಒಡಹುಟ್ಟಿದ ತಮ್ಮ. ಆ ಕಡೆಯ ರೂಢಿಯಂತೆ ಅಕ್ಕನ ಗಂಡ ಅವನಿಗೆ ಮಾವ, ಹೆಂಡತಿಯ ತಮ್ಮ ಮೇಷ್ಟ್ರಿಗೆ ಅಳಿಯ. ಷರತ್ತಿನಲ್ಲಿ ಬೇರೆ ಯಾವ ಶಾಲೆಯ ಹೆಸರಿದ್ದರೂ ಮೇಷ್ಟ್ರು ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಟ್ಯಾಬು ಕೊಡುವ ಸಮಾರಂಭ ಭರ್ಜರಿಯಾಗಿ ನಡೆಯಿತು. ಮುಖ್ಯೋಪಾಧ್ಯಾಯಿನಿ ಸುಮಲತಾ ಮೇಡಂ ಎಲ್ಲ ಟ್ಯಾಬುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ಮಂಗಳಾರತಿ ಮಾಡಿಸಿದರು. ಹೊಸ ಟ್ರ್ಯಾಕ್ಟರಿಗೆ ಮಾಡುವುದನ್ನು ಟ್ಯಾಬಿಗೆ ಮಾಡದಿದ್ದರೆ ಹೇಗೆ? ಚಾರ್ಜರಿನ ಪೆಟ್ಟಿಗೆಯ ಕೆಳಗೆ ನಿಂಬೆಹಣ್ಣನ್ನೂ ಇಟ್ಟರು. ಪೆಟ್ಟಿಗೆ ಉರುಳಿ ಹೋಗುವಂಥದ್ದಲ್ಲವಾದ್ದರಿಂದ ನಿಂಬೆಹಣ್ಣು ನಜ್ಜಾಗದೆ ಉಳಿಯಿತು. ಅದು ಅಪಶಕುನವೋ ಶುಭಶಕುನವೋ ಎಂದು ಊರವರಲ್ಲಿ ಸ್ವಲ್ಪ ಚರ್ಚೆಯಾಯಿತು.

ಆಮೇಲೆ ಗವಿಸಿದ್ದಪ್ಪ ಮೇಷ್ಟ್ರಿಗೆ ಸನ್ಮಾನ. ಟ್ಯಾಬಿನಲ್ಲಿ ಪಾಠ ಮಾಡುವ ಹೊಣೆಯನ್ನು ಅವರು ತಾವಾಗಿಯೇ ಹೊತ್ತಿದ್ದರು. ತಲೆಗೆ ಜರಿಯ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಚೆಂಡುಹೂವಿನ ದಪ್ಪ ಹಾರ, ಹಣೆಯ ತುಂಬ ಮೂರು ಎಳೆ ವಿಭೂತಿ. ಬ್ಯಾಂಡಿನವರು ಬಾರಿಸತೊಡಗಿದರು. ಅಷ್ಟರಲ್ಲಿ ಟ್ರಸ್ಟಿನ ಕಡೆಯ ಹುಡುಗನೊಬ್ಬ ದೊಡ್ಡ ಟ್ಯಾಬೊಂದನ್ನು ಮೇಷ್ಟ್ರ ಮುಖದ ಮುಂದೆ ಹಿಡಿದು, "ಸರ್, ಸ್ವಲ್ಪ ಇತ್ಲಾಗ ನೋಡ್ರಿ" ಎಂದ. ಫೋಟೋ ಎಂದುಕೊಂಡು ಮೇಷ್ಟ್ರು ಎದೆಯುಬ್ಬಿಸಿ ನೋಡಿದರು. ಆ ಹುಡುಗ ಕಿವಿಯ ಹತ್ತಿರ ಬಗ್ಗಿ ಏನೋ ವಿವರವಾಗಿ ಹೇಳಿದ. ಬ್ಯಾಂಡಿನ ಸದ್ದಿಗೆ ಒಂದಕ್ಷರವೂ ಕೇಳಲಿಲ್ಲ. ಮೊಬೈಲಿನ ವಿಷಯದಲ್ಲಿ ತಿಳಿಯದೆ ಇರುವುದು ಯಾವುದೂ ಇಲ್ಲದವರು ಇನ್ನೊಮ್ಮೆ ಹೇಳು ಎಂದು ಕೇಳುವುದುಂಟೆ? ಮೇಷ್ಟ್ರು "ಗೊತ್ತೈತಿ, ಗೊತ್ತೈತಿ" ಎಂದು ತಲೆಯಾಡಿಸಿದರು.

ಸಮಾರಂಭಕ್ಕೆ ಬಂದಿದ್ದ ರೇವಣಸಿದ್ದ ಹೋಗುವಾಗ ಹತ್ತಿರ ಬಂದು, "ಮಾವಾ, ಭಾಳ ಛಲೋ ಕಾಣಾಕ್ಹತ್ತೀರಿ. ಟ್ಯಾಬಿನ ಡಬ್ಬಿ ಮಾತ್ರ ಒಗೀಬ್ಯಾಡ್ರಿ, ಜೋಪಾನ ಇಡ್ರಿ. ಮೂರು ತಿಂಗಳಿಗೆ ನಮಗ ಬೇಕಾಗ್ತಾವ" ಎಂದ.

"ಸಂಡೂರು ಘಾಟಿನಾಗ ನೆಟ್‌ವರ್ಕ್ ಸಿಗೂದಿಲ್ಲಪ್ಪ ಅಳಿಯಾ. ಪಾಪ, ಟ್ಯಾಬಿಗೆ ಬ್ಯಾಸರ ಆಗ್ತೈತಿ" ಎಂದರು ಮೇಷ್ಟ್ರು. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು.

ಮರುದಿನ ಮೇಷ್ಟ್ರು ತರಗತಿಗೆ ಹೋಗಿ ದೊಡ್ಡ ಟ್ಯಾಬನ್ನು ಎತ್ತಿಕೊಂಡರು. ಅದು ತಾಯಿ ಟ್ಯಾಬು. ತಾಯಿ ತೆರೆದರೆ ಮರಿಗಳೆಲ್ಲ ತೆರೆಯುತ್ತವೆ. ತಾಯಿ ಮುಚ್ಚಿದ್ದರೆ ಎಲ್ಲವೂ ಮುಚ್ಚಿಯೇ ಇರುತ್ತವೆ. ತಾಯಿ ಮೇಷ್ಟ್ರ ಮುಖವನ್ನು ನೋಡಿತು, ಗುರುತು ಸಿಗಲಿಲ್ಲವೆಂದಿತು. ಮೇಷ್ಟ್ರು ನಕ್ಕು ತೋರಿಸಿದರು. ಕೋಪಿಸಿಕೊಂಡು ತೋರಿಸಿದರು. ಕನ್ನಡಕ ತೆಗೆದು ತೋರಿಸಿದರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮುಖ ಅದಕ್ಕೆ ಯಾರದೋ ಆಗಿತ್ತು. ಎದುರಿಗೆ ಏಳನೆಯ ತರಗತಿಯ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು.

"ಇವತ್ತು ಟ್ಯಾಬಿನ ಬಗ್ಗೆ ಪೀಠಿಕೆ" ಎಂದು ಹೇಳಿ, ಮೇಷ್ಟ್ರು ಕರಿಹಲಗೆಯ ಮೇಲೆ ಟ್ಯಾಬಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರು. ಪೀಠಿಕೆ ಒಂದು ವಾರ ನಡೆಯಿತು. ಹೂವಿನ ಭಾಗಗಳನ್ನು ಹೇಗೋ ಹಾಗೆ ಮಕ್ಕಳು ಟ್ಯಾಬಿನ ಭಾಗಗಳನ್ನು ಬಾಯಿಪಾಠ ಮಾಡಿದರು.

ಸತ್ಯ ಹೊಳೆದದ್ದು ಸೋಮವಾರ, ವಿರೂಪಾಕ್ಷನಿಗೆ ಕೈಮುಗಿದು ಮನೆಯಲ್ಲಿ ವಿಭೂತಿ ಹಚ್ಚಿಕೊಳ್ಳುವಾಗ. ಆ ಹುಡುಗ ಹಿಡಿದಿದ್ದು ಫೋಟೋ ಅಲ್ಲ, ಬೀಗ. ಬೀಗಕ್ಕೆ ಕೀಲಿಯಾದದ್ದು ತಮ್ಮ ಮುಖವಲ್ಲ, ಸನ್ಮಾನಗೊಂಡ ಮುಖ. ಅವತ್ತೇ ಪೇಟವನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದರು. ಬಸ್ಸಿನಲ್ಲಿ ಬತ್ತದ ಚೀಲದ ಮೇಲೆ ಕೂತಿದ್ದ ಒಬ್ಬ ಗೌಡರು ಅದರಿಂದಿಳಿದು ಪೇಟದ ಚೀಲದ ಮೇಲೆ ಕೂತರು. ಚಪ್ಪಟೆಯಾದ ಪೇಟವನ್ನು ಟ್ಯಾಬು ಒಪ್ಪಲಿಲ್ಲ. ಉಬ್ಬಿಸಿಟ್ಟು, ಶಾಲು ಹೊದ್ದು, ವಿಭೂತಿ ತಿದ್ದಿಕೊಂಡು ನಿಂತರೂ ಒಪ್ಪಲಿಲ್ಲ. ಹಾರ ಬೇಕಾಗಿತ್ತು.

ಇಷ್ಟಾದ ಮೇಲೆ ಟ್ರಸ್ಟಿನವರಿಗೆ ಒಂದು ಫೋನು ಮಾಡಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದ ಮಾತು ಸಂಡೂರಿಗೆ ಮುಟ್ಟಲು ಎಷ್ಟು ಹೊತ್ತು? ಮೇಷ್ಟ್ರು ಸುಲಭವಾದ ಆ ದಾರಿಯನ್ನು ಬಿಟ್ಟು, ಇನ್ನು ಮೇಲೆ ದಿನವೂ ಸನ್ಮಾನಿತರಾಗಿಯೇ ಶಾಲೆಗೆ ಹೋಗುವುದೆಂದು ನಿರ್ಧರಿಸಿದರು. ಪೇಟಕ್ಕೆ ಬಸ್ಸಿನಲ್ಲಿ ಅತ್ಯಂತ ಸುರಕ್ಷಿತವಾದ ಜಾಗ ತಲೆ. ಹಾರಕ್ಕೆ ಕೊರಳು.

ಓಣಿಯ ತುದಿಯಲ್ಲಿ ಎರ್ರೆಮ್ಮ ಹೂ ಕಟ್ಟುತ್ತ ಕೂರುತ್ತಿದ್ದಳು. ಯಾರೇ ಹಾರ ಕೇಳಿದರೂ ಅವಳ ಮೊದಲ ಪ್ರಶ್ನೆ ಒಂದೇ: "ದೇವರಿಗೋ, ಕೊರಳಿಗೋ, ಫೋಟೋಕ್ಕೋ?" ಅಳತೆ ಬೇರೆ ಬೇರೆಯಾದ್ದರಿಂದ ಕೇಳಲೇಬೇಕು.

"ಕೊರಳಿಗ" ಎಂದರು ಮೇಷ್ಟ್ರು.

"ಯಾರ ಕೊರಳಿಗ್ರೀ?"

"ನಂದ."

ಎರ್ರೆಮ್ಮ ಮೇಲಿಂದ ಕೆಳಗೆ ನೋಡಿ ಕಟ್ಟಿಕೊಟ್ಟಳು. ಮರುದಿನವೂ ಬಂದರು. ಅದರ ಮರುದಿನವೂ ಬಂದರು. ನಾಲ್ಕನೆಯ ದಿನ ಅವಳು ಕೇಳದೆ ಇರಲಾಗದೆ, "ಸರ, ದಿನಾ ನಿಮಗ ಯಾರ ಸನ್ಮಾನ ಮಾಡ್ತಾರ?" ಎಂದಳು.

"ಸರ್ಕಾರದ ಕೆಲಸವ್ವ, ಅದು ನಿನಗ ತಿಳಿಯೂದಿಲ್ಲ" ಎಂದು ಮೇಷ್ಟ್ರು ಬಸ್ಸಿಗೆ ನಡೆದರು.

ತಿಳಿಯದ ವಿಷಯವನ್ನು ತಿಳಿದುಕೊಳ್ಳುವ ಶಕ್ತಿ ಚಿತ್ತವಾಡ್ಗಿಗೆ ಇದ್ದೇ ಇದೆ. ಎದುರುಮನೆಯ ಜಂಬಮ್ಮ ಪಂಪಮ್ಮನ ಹತ್ತಿರ ಬಂದು ಕಟ್ಟೆಯ ಮೇಲೆ ಕೂತಳು.

"ಅಲ್ಲವ್ವ ಪಂಪಮ್ಮ, ನಿಮ್ಮನ್ಯಾಗಿನವರು ದಿನಾ ಮದುಮಗನಂಗ ಎಲ್ಲಿಗೆ ಹೊಂಟಾರ?"

"ಸಾಲಿಗೆ."

"ನಮ್ಮ ಮನ್ಯಾಗಿನವರೂ ಮೂವತ್ತು ವರ್ಷ ಫ್ಯಾಕ್ಟರಿಗೆ ಹೋದ್ರು. ಒಂದು ದಿನಾನೂ ಹಾರ ಹಾಕ್ಕೊಂಡು ಹೋಗಲಿಲ್ಲ. ಕಂಪ್ಲಿ ಕಡೆ ಯಾರಿದಾರ, ಸ್ವಲ್ಪ ವಿಚಾರ ಮಾಡು. ಈ ವಯಸ್ಸು ಭಾಳ ಕೆಟ್ಟದು."

ಪಂಪಮ್ಮ ಅಂದು ಸಂಜೆ ಗಂಡನನ್ನು ಕೇಳಿದಳು. "ಇಲಾಖೆಯ ಸಮವಸ್ತ್ರ" ಎಂದರು ಮೇಷ್ಟ್ರು. ಅವಳು ಅಡಿಗೆಮನೆಗೆ ಹೋದಳು. ಸಾರಿಗೆ ಉಪ್ಪು ಹಾಕಲಿಲ್ಲ.

ಬಸ್ಸಿನಲ್ಲಿ ಇನ್ನೊಂದು ಕಥೆ. ಮೊದಲ ದಿನ ಕಂಡಕ್ಟರು ಎದ್ದು ನಿಂತು ಮುಂದಿನ ಸೀಟು ಬಿಡಿಸಿಕೊಟ್ಟ. ಎರಡನೆಯ ವಾರದಲ್ಲಿ, ಪಂಚಾಯಿತಿ ಚುನಾವಣೆಗೆ ಯಾರೋ ದೊಡ್ಡವರು ಈಗಲೇ ಓಡಾಟ ಶುರುಮಾಡಿದ್ದಾರೆಂದು ಸುದ್ದಿಯಾಗಿ, ಮೆಟ್ರಿ ಎಂಬ ಊರಿನ ಮುದುಕನೊಬ್ಬ ತನ್ನ ಗದ್ದೆಗೆ ಕಾಲುವೆ ನೀರು ಮುಟ್ಟುತ್ತಿಲ್ಲವೆಂದು ದೂರು ಹೇಳಿದ. "ನೋಡೋಣ" ಎಂದರು ಮೇಷ್ಟ್ರು. ಅಧಿಕಾರದಲ್ಲಿರುವವರೂ ಅಷ್ಟನ್ನೇ ಹೇಳುತ್ತಾರಾದ್ದರಿಂದ ಮುದುಕನಿಗೆ ಅನುಮಾನವೇ ಉಳಿಯಲಿಲ್ಲ. ಕಮಲಾಪುರದ ಹತ್ತಿರ ಹಂಪಿ ನೋಡಲು ಬಂದ ಬಿಳಿಯರಿಬ್ಬರು ಹತ್ತಿ, ಇವರು ಅರಮನೆಯ ವಂಶದವರೇ ಎಂದು ಗೈಡಿನ ಮೂಲಕ ಕೇಳಿಸಿದರು. ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಪೇಟ ಸರಿಮಾಡಿಕೊಂಡು ಕಿಟಕಿಯಾಚೆ, ಬಿದ್ದ ಕೋಟೆಯ ಗೋಡೆಯ ಕಡೆಗೆ ದುಃಖದಿಂದ ನೋಡಿದರು. ಬಿಳಿಯರು ಫೋಟೋ ತೆಗೆದುಕೊಂಡರು.

ಆದರೆ ಟ್ಯಾಬು ತೆರೆಯಿತು. ಅದನ್ನು ಒಪ್ಪಬೇಕು. ಪೇಟ ಶಾಲು ಹಾರ ವಿಭೂತಿ ನಾಲ್ಕೂ ಕೂಡಿದರೆ ತಾಯಿ ಟ್ಯಾಬು ಮಗನನ್ನು ಕಂಡಂತೆ ತೆರೆದುಕೊಳ್ಳುತ್ತಿತ್ತು. ಮೇಷ್ಟ್ರಿಗೆ ಎಷ್ಟು ಆನಂದವಾಯಿತೆಂದರೆ, ಸಮಾರಂಭದ ದಿನದ ತಮ್ಮ ಫೋಟೋವನ್ನು ಹೊಸಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಕ್ಕಳಿಗೆ ಪ್ರೇರಣೆಯಾಗಲೆಂದು ತರಗತಿಯ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದರು. ಪಾಠ ಮುಗಿದ ಮೇಲೆ ಹಾರ ಉಳಿಯುತ್ತಿತ್ತು. ಹೂವನ್ನು ಕಾಲಿಗೆ ಸಿಗುವಲ್ಲಿ ಒಗೆಯಬಾರದು. ನಮ್ಮವರಲ್ಲಿ ಯಾರೂ ಒಗೆಯುವುದಿಲ್ಲ. ಮೇಷ್ಟ್ರು ಸುತ್ತ ನೋಡಿದರು. ಹಾರ ಹಾಕಲು ಯೋಗ್ಯವಾದ ಜಾಗ ಆ ಕೋಣೆಯಲ್ಲಿ ಒಂದೇ ಇತ್ತು. ಅಂದಿನಿಂದ ದಿನದ ಹಾರ ಸಂಜೆಗೆ ಫೋಟೋದ ಮೇಲೆ ಹೋಗುತ್ತಿತ್ತು.

ಒಂದು ದಿನ ಪರಶುರಾಮ ಎಂಬ ಹುಡುಗ ತಾಯಿ ಟ್ಯಾಬನ್ನು ಎತ್ತಿಕೊಂಡು ಆ ಫೋಟೋದ ಮುಂದೆ ಹಾದುಹೋದ. ಟ್ಯಾಬು ತೆರೆಯಿತು. ಹುಡುಗ ಹೆದರಿ ತ್ರಿವೇಣಿಗೆ ಹೇಳಿದ. ಅವಳು ಆ ತರಗತಿಯ ನಾಯಕಿ. ಅವಳು ಮತ್ತೆ ಮುಚ್ಚಿ ಮತ್ತೆ ತೋರಿಸಿದಳು. ಮತ್ತೆ ತೆರೆಯಿತು.

"ಸರ್‌ಗೆ ಹೇಳೂನೇನ?" ಎಂದ ಪರಶುರಾಮ.

"ಬ್ಯಾಡಲೇ. ಅಷ್ಟು ದೂರದಿಂದ ಪೇಟ ಸುತ್ಕೊಂಡು ಬರ್ತಾರ. ಮನಸ್ಸಿಗೆ ಬ್ಯಾಸರ ಮಾಡ್ಕೊಂತಾರ" ಎಂದಳು ತ್ರಿವೇಣಿ.

ಹೀಗಾಗಿ ಮೇಷ್ಟ್ರು ಮಧ್ಯಾಹ್ನ ಊಟವಾಗಿ ಗೋಡೆಗೊರಗಿ ಕಣ್ಣು ಮುಚ್ಚಿದಾಗ ಫೋಟೋ ಕೆಲಸಕ್ಕೆ ಬರುತ್ತಿತ್ತು. ಆ ಹೊತ್ತಿನಲ್ಲಿ ಮಕ್ಕಳು ತಮ್ಮ ಕಾಲುವೆಯ ಮೇಲೆ ಒಂದು ಸಿನಿಮಾ ತೆಗೆಯತೊಡಗಿದರು. ಕಾಲುವೆಗೆ ಪರಶುರಾಮನ ದನಿ. ಎಮ್ಮೆಗೆ ಎಮ್ಮೆಯದೇ ದನಿ. ಟ್ಯಾಬು ಸಂಡೂರಿಗೆ ಹೋದರೆ ಸಿನಿಮಾವೂ ಅದರೊಳಗೇ ಕೂತು ಹೋಗುತ್ತದೆಂಬುದು ಮಕ್ಕಳಿಗೆ ತಿಳಿದಿತ್ತು. ಅದಕ್ಕಾಗಿ ಅವರೂ ಷರತ್ತಿನ ದಿನವನ್ನು ಎಣಿಸುತ್ತಿದ್ದರು.

ಮೂರು ತಿಂಗಳು ತುಂಬುತ್ತಲೇ ಟ್ಯಾಬಿನ ಪರೀಕ್ಷೆಗೆ ಟ್ರಸ್ಟಿನ ಅಧಿಕಾರಿ ಮುರುಗೇಶ್ ಸಾಹೇಬರು ಬರುವುದೆಂದು ಗೊತ್ತಾಯಿತು. ಹಿಂದಿನ ದಿನವೇ ಮೇಷ್ಟ್ರಿಗೆ ಜ್ವರ ಬಂತು. ದಿನವೂ ಒದ್ದೆ ಹಾರ ಹಾಕಿಕೊಂಡು ಗಾಳಿಗೆ ಕೂತವರಿಗೆ ಬಾರದೆ ಇನ್ನಾರಿಗೆ ಬರಬೇಕು? ಸುಮಲತಾ ಮೇಡಂ ಅವರನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಮನೆಗೆ ಕಳಿಸಿದರು. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ನಾಳೆ ಸಾಹೇಬ್ರು ಏನು ಅಂದ್ರೂ 'ಹೌದು ಸರ್' ಅನ್ಬೇಕು. ಕೇಳದ ಹೊರತು ಬಾಯಿ ಬಿಡಬಾರದು. ತಿಳೀತಾ?" ಎಂದರು. ಸೃಜನಶೀಲತೆಯನ್ನು ತೋರಿಸಬೇಕಾದ ದಿನ ಇಷ್ಟಾದರೂ ಶಿಸ್ತು ಬೇಡವೆ?

ಮರುದಿನ ಬೆಳಗ್ಗೆ ಕರೆಂಟು ಹೋಯಿತು. ಮೋಡ ಕವಿದು ತರಗತಿ ಕತ್ತಲು. ಮಕ್ಕಳು ಫೋಟೋವನ್ನು ಇಳಿಸಿ ಕುರ್ಚಿಯ ಮೇಲೆ ನಿಲ್ಲಿಸಿದರು. ಕತ್ತಲಲ್ಲಿ ಟ್ಯಾಬಿಗೆ ಮುಖ ಕಾಣಲಿಲ್ಲ. ತ್ರಿವೇಣಿ ಸರಸ್ವತಿ ಪೂಜೆಯ ದೀಪದ ಕಂಬಗಳೆರಡನ್ನು ತಂದು ಫೋಟೋದ ಎರಡೂ ಕಡೆ ಹಚ್ಚಿಟ್ಟಳು. ದೀಪ ಹಚ್ಚಿದ ಮೇಲೆ ಬರೀ ದೀಪ ಬಿಡುವುದು ಸರಿಯಲ್ಲವೆಂದು, ಮನೆಯಲ್ಲಿ ಕಂಡ ರೂಢಿಯಂತೆ ಪರಶುರಾಮ ಊದಿನಕಡ್ಡಿ ಹಚ್ಚಿದ. ನಿನ್ನೆಯ ಹಾರ ಫೋಟೋದ ಮೇಲೆ ಇದ್ದೇ ಇತ್ತು. ಅಲುಗಾಡಿದರೆ ನೆರಳು ಬೀಳುತ್ತದೆಂದು ಮಕ್ಕಳೆಲ್ಲ ತಲೆ ತಗ್ಗಿಸಿ ಮೌನವಾಗಿ ನಿಂತರು. ತ್ರಿವೇಣಿ ಊದಿನಕಡ್ಡಿಯ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಟ್ಯಾಬನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಳು.

ಸರಿಯಾಗಿ ಆ ಹೊತ್ತಿಗೆ ಮುರುಗೇಶ್ ಸಾಹೇಬರು ಬಾಗಿಲಿಗೆ ಬಂದರು. ಅವರ ಹಿಂದೆ ರೇವಣಸಿದ್ದ. ಟ್ಯಾಬು ತುಂಬಿಕೊಳ್ಳಲು ಖಾಲಿ ಡಬ್ಬಿಗಳನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದ.

ಸಾಹೇಬರು ನೋಡಿದರು. ಹಾರ ಹಾಕಿದ ಫೋಟೋ, ಎರಡು ದೀಪ, ಊದಿನಕಡ್ಡಿ, ತಲೆ ತಗ್ಗಿಸಿದ ಮಕ್ಕಳು, ಕಣ್ಣೊರೆಸಿಕೊಳ್ಳುವ ಹುಡುಗಿ. ಇದರ ಅರ್ಥವನ್ನು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಬೂಟು ಬಿಚ್ಚಿದರು. ತ್ರಿವೇಣಿ ಏನೋ ಹೇಳಲು ಬಾಯಿ ತೆರೆದಳು. ಸಾಹೇಬರು ಕೈಯೆತ್ತಿ, "ಬ್ಯಾಡಮ್ಮ, ಮಾತಾಡಬ್ಯಾಡ. ನನಗ ಅರ್ಥ ಆಗ್ತೈತಿ" ಎಂದರು. "ಹೌದು ಸರ್" ಎಂದರು ಮಕ್ಕಳು.

ಅಡಿಗೆ ಕೋಣೆಯಲ್ಲಿ ಸಾಹೇಬರ ಉಪ್ಪಿಟ್ಟು ನೋಡಿಕೊಳ್ಳುತ್ತಿದ್ದ ಸುಮಲತಾ ಮೇಡಂ ಓಡಿಬಂದರು. ಸಾಹೇಬರು ಬರಿಗಾಲಲ್ಲಿ ನಿಂತಿದ್ದರು. ಅಷ್ಟು ದೊಡ್ಡವರು ಸುಮ್ಮನೆ ಬೂಟು ಬಿಚ್ಚುತ್ತಾರೆಯೇ? ನಿನ್ನೆ ಮೇಷ್ಟ್ರ ಮೈ ಕೆಂಡದಂತೆ ಸುಡುತ್ತಿದ್ದುದು ನೆನಪಾಯಿತು. ಸಾಹೇಬರಿಗೆ ಹೊಸಪೇಟೆಯಿಂದ ಸುದ್ದಿ ಬಂದಿರಬೇಕೆಂದು ತಿಳಿದು ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಮೇಡಂ ಅಳುವುದನ್ನು ಕಂಡು ಸಾಹೇಬರಿಗೆ ಇದ್ದ ಅಲ್ಪ ಸ್ವಲ್ಪ ಅನುಮಾನವೂ ಹೋಯಿತು. ಇಬ್ಬರನ್ನೂ ಕಂಡ ರೇವಣಸಿದ್ದನ ಕೈಯಿಂದ ಡಬ್ಬಿಗಳು ಜಾರಿ ಬಿದ್ದವು.

"ಅಕ್ಕ ನನಗ ಒಂದು ಫೋನ್ ಸೈತ ಮಾಡಲಿಲ್ಲಲ್ಲ. ಅಷ್ಟು ಬ್ಯಾಡಾದೆ ನಾನು" ಎಂದು ಅವನು ಗೋಡೆ ಹಿಡಿದು ಕೂತು ಅಳತೊಡಗಿದ. ಆ ಅಳು ಕೇಳಿ ಕ್ಯಾಂಪಿನ ಜನ ಬಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಒಳಗೆ ನೋಡಿದವರೆಲ್ಲ ಚಪ್ಪಲಿ ಬಿಟ್ಟು ನಿಂತರು.

"ಎರಡು ನಿಮಿಷ ಮೌನ" ಎಂದರು ಸಾಹೇಬರು.

ಇತ್ತ ಚಿತ್ತವಾಡ್ಗಿಯಲ್ಲಿ ಗವಿಸಿದ್ದಪ್ಪ ಮೇಷ್ಟ್ರಿಗೆ ಹಾಸಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ತಮ್ಮ ಮುಖವಿಲ್ಲದೆ ಟ್ಯಾಬು ತೆರೆಯುವುದಿಲ್ಲ. ತೆರೆಯದಿದ್ದರೆ ಸಂಡೂರು. ಪಂಪಮ್ಮ ಕಷಾಯ ಕಾಸುತ್ತಿರುವಾಗ ಪೇಟ ಸುತ್ತಿ, ಶಾಲು ಹೊದ್ದು, ವಿಭೂತಿ ಬಳಿದುಕೊಂಡು, ಎರ್ರೆಮ್ಮನ ಹತ್ತಿರ ಹಾರ ಹಾಕಿಸಿಕೊಂಡು ಬಸ್ಸು ಹತ್ತಿಯೇಬಿಟ್ಟರು. ಅವಸರದಲ್ಲಿ ಕನ್ನಡಕ ಮರೆತರು.

ಶಾಲೆಗೆ ಬಂದು ನೋಡಿದರೆ ಕೋಣೆಯ ತುಂಬ ಜನ ತಲೆ ತಗ್ಗಿಸಿ ನಿಂತಿದ್ದಾರೆ. ಯಾರೋ ದೊಡ್ಡವರು ತೀರಿಹೋಗಿರಬೇಕು. ಅಂಥ ಹೊತ್ತಿನಲ್ಲಿ ಸದ್ದು ಮಾಡುವುದು ಸಂಸ್ಕಾರವಲ್ಲ. ಮೇಷ್ಟ್ರು ಸದ್ದಿಲ್ಲದೆ ಹಿಂದೆ ನಿಂತು, ಕೈಮುಗಿದು, ಹೋದ ಜೀವಕ್ಕೆ ಶಿವ ಸದ್ಗತಿ ಕೊಡಲೆಂದು ಮನಸ್ಸಿನಲ್ಲಿ ಬೇಡಿಕೊಂಡರು. ನಿಜವಾಗಿ ಬೇಡಿಕೊಂಡರು, ಇದರಲ್ಲಿ ಹುಡುಗಾಟವಿಲ್ಲ. ಆಮೇಲೆ ಪಕ್ಕದಲ್ಲಿದ್ದ ಮುದುಕ ದುರುಗಣ್ಣನ ಕಿವಿಯಲ್ಲಿ ಕೇಳಿದರು:

"ಯಾರಂತ?"

ದುರುಗಣ್ಣನಿಗೆ ಎರಡೂ ಕಣ್ಣಿಗೆ ಪೊರೆ. "ಯಾರೋ ಮೇಷ್ಟ್ರಂತ್ರೀ. ಭಾಳ ಒಳ್ಳೇರಂತ."

"ಅಯ್ಯೋ ಪಾಪ" ಎಂದರು ಮೇಷ್ಟ್ರು. ದೂರದಿಂದ ಫೋಟೋ ನೋಡಿದರು. ಮುಖವನ್ನು ಎಲ್ಲೋ ನೋಡಿದ ಹಾಗಿತ್ತು.

ಮುರುಗೇಶ್ ಸಾಹೇಬರು ಫೋಟೋದ ಪಕ್ಕ ನಿಂತು ಮಾತಾಡಿದರು. "ದಿನಾ ಸನ್ಮಾನದ ವೇಷದಾಗ ಸಾಲಿಗೆ ಬರ್ತಿದ್ರಂತ ಕೇಳೀನಿ. ನಮ್ಮ ಆಫೀಸಿನಾಗ ನಕ್ಕರು. ಇವತ್ತು ನನಗ ತಿಳೀತು. ಸಾಲಿಗೆ ಬರೂದ ಒಂದು ಹಬ್ಬ ಅಂತ ತಿಳದಿದ್ರು ಗವಿಸಿದ್ದಪ್ಪ ಮೇಷ್ಟ್ರು."

ಮೇಷ್ಟ್ರು ಕಿವಿ ಉಜ್ಜಿಕೊಂಡರು. ಜ್ವರಕ್ಕೆ ಹೀಗೆಲ್ಲ ಕೇಳುತ್ತದೆಯೇ? ಮುಂದೆ ಹೋಗಿ ನಾನಿಲ್ಲಿದ್ದೇನೆ ಎನ್ನಬೇಕೆಂದು ಕಾಲು ಎತ್ತಿದರು. ಅಷ್ಟರಲ್ಲಿ ರೇವಣಸಿದ್ದ ಎದ್ದು ನಿಂತ. ಮೇಷ್ಟ್ರು ಎತ್ತಿದ ಕಾಲನ್ನು ಅಲ್ಲಿಯೇ ಇಳಿಸಿದರು. ಅಳಿಯ ಏನು ಹೇಳುತ್ತಾನೆ, ಅದೊಂದು ಕೇಳಿಬಿಡೋಣ.

"ನಮ್ಮ ಮಾವಗ ನಾನು ಒಂದು ದಿನಾನೂ ಒಳ್ಳೇ ಮಾತಾಡಲಿಲ್ಲ" ಎಂದ ರೇವಣಸಿದ್ದ. "ನಮ್ಮ ಸಾಲಿಗೆ ಹೋದ ವರ್ಷನ ಟ್ಯಾಬ್ ಬಂದಾವ. ಯಾರಿಗೂ ಹೇಳಿಲ್ಲ. ಬೀಗದ ನಂಬರ್ ಮರ್ತೀನಿ. ಅಲ್ಮಾರದಾಗ ಇಟ್ಟು ಮಹಾನವಮಿಗೆ ಪೂಜೆ ಮಾಡ್ತೀನಿ. ಮಕ್ಕಳ ಕೈಯಾಗ ಕೊಟ್ಟು ಫೋಟೋ ತೆಗೆದು ಕಳಿಸ್ತೀನಿ, ಅಷ್ಟ. ಮಾವ ಹಂಗಲ್ಲ. ದಿನಾ ತೆರೆದು ಪಾಠ ಮಾಡಿದ್ರು. ಅವರ ಮುಂದ ನಾನು ಮೇಷ್ಟ್ರ ಅಲ್ಲ."

ಮನುಷ್ಯ ಬದುಕಿರುವಾಗ ಇಂಥ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಕೇಳಬೇಕಾದ ಕಿವಿ ಮಣ್ಣಾದ ಮೇಲೆಯೇ ಜನರಿಗೆ ನಾಲಿಗೆ ಬರುತ್ತದೆ. ಶಿವನ ದಯೆಯಿಂದ ಗವಿಸಿದ್ದಪ್ಪ ಮೇಷ್ಟ್ರಿಗೆ ಬದುಕೂ ಆ ಮಾತೂ ಎರಡೂ ಒಟ್ಟಿಗೆ ಸಿಕ್ಕಿದವು. ಅವರ ಕಣ್ಣಲ್ಲಿ ನೀರು ಬಂತು. ಪಕ್ಕದ ದುರುಗಣ್ಣ, "ನಿಮಗೂ ಪರಿಚಯ ಇತ್ತೇನ್ರೀ?" ಎಂದು ಬೆನ್ನು ಸವರಿದ.

ಸಾಹೇಬರು ಹೇಳಿದರು: "ಹಂಗಾದ್ರ ಇವತ್ತ ಎಲ್ಲರ ಮುಂದ ಹೇಳ್ತೀನಿ. ಈ ಟ್ಯಾಬ್‌ಗಳು ಎಲ್ಲಿಗೂ ಹೋಗೂದಿಲ್ಲ. ಗವಿಸಿದ್ದಪ್ಪ ಮೇಷ್ಟ್ರ ನೆನಪಿಗೆ ಇದ ಸಾಲ್ಯಾಗ ಶಾಶ್ವತವಾಗಿ ಇರ್ತಾವ."

"ಭಾಳ ಸಂತೋಷ ಆತು ಸರ್" ಎಂದು ಹಿಂದಿನಿಂದ ದನಿ ಬಂತು.

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಪೇಟ, ಶಾಲು, ಹಾರ, ವಿಭೂತಿ. ಕುರ್ಚಿಯ ಮೇಲಿದ್ದದ್ದು ಎದ್ದು ಬಂದಂತೆ ನಿಂತಿತ್ತು. ಸುಮಲತಾ ಮೇಡಂ ಕುಸಿದು ಬೆಂಚಿನ ಮೇಲೆ ಕೂತರು. ಕೆಲವರು ಕಿಟಕಿಯಿಂದ ಕಾಲುವೆಯ ಕಡೆಗೆ ಹೋದರು. ರೇವಣಸಿದ್ದ ಮಾತ್ರ ಓಡಿಬಂದು ಮಾವನ ಮೈ ಮುಟ್ಟಿ ನೋಡಿದ. ಬಿಸಿಯಾಗಿತ್ತು. ಇಷ್ಟು ಬಿಸಿಯಿದ್ದವರು ಸತ್ತಿರಲಾರರು ಎಂದು ಅಪ್ಪಿಕೊಂಡ. ಅಪ್ಪಿಕೊಂಡ ಮೇಲೆ ತಾನು ಆಡಿದ್ದು ನೆನಪಾಗಿ ಕೈ ಸಡಿಲ ಬಿಟ್ಟ.

ಸಾಹೇಬರ ಮುಖ ಕೆಂಪೇರಿತು. "ಏನ್ರೀ ಇದು ನಾಟಕ? ನಾನು ಹೇಳಿದ್ದು ತೀರಿಹೋದವರ ನೆನಪಿಗೆ. ತೀರಿಹೋಗಿಲ್ಲ ಅಂದಮ್ಯಾಲ ಆ ಮಾತೂ ಇಲ್ಲ. ಅಲ್ಲಮ್ಮ, ನೀನು ಆಗ ಏನೋ ಹೇಳಾಕ ಬಂದಿದ್ದಿ, ಏನದು?"

ಕೇಳಿದರು ಎಂದಮೇಲೆ ಬಾಯಿ ಬಿಡಬಹುದು. ತ್ರಿವೇಣಿ ಹೇಳಿದಳು: "ನೀವು ಬಂದ ಕೂಡ್ಲೇ ಟ್ಯಾಬ್ ತೆರೀತು ಸರ್. ನಮ್ಮ ಸಿನಿಮಾದ ಕ್ಯಾಮೆರಾ ಚಾಲೂ ಆತು, ಆಗಿಂದ ಎಲ್ಲಾ ವಿಡಿಯೋ ಆಗೇತಿ. ಆಫ್ ಮಾಡ್ಲೇನು ಅಂತ ಕೇಳಾಕ ಬಂದಿದ್ದೆ."

ಕೋಣೆ ಮತ್ತೆ ಮೌನವಾಯಿತು. ಈ ಸಲ ಯಾರೂ ಎರಡು ನಿಮಿಷ ಎಂದು ಹೇಳಿರಲಿಲ್ಲ.

ಸಾಹೇಬರು ಟ್ಯಾಬು ತೆಗೆದುಕೊಂಡು ತಮ್ಮನ್ನು ತಾವು ನೋಡಿದರು. ದೀಪದ ಬೆಳಕಿನಲ್ಲಿ ಬರಿಗಾಲಲ್ಲಿ ನಿಂತು ಒದ್ದೆ ಕಣ್ಣಿನಿಂದ ಮಾತಾಡುವ ತಮ್ಮ ರೂಪ ಅವರಿಗೆ ಬಹಳ ಹಿಡಿಸಿತು. ಎರಡು ಸಲ ನೋಡಿದರು. "ಹೇಳಿದ ಮಾತು ಹೇಳಿದ್ಹಂಗ. ಟ್ಯಾಬ್ ಇಲ್ಲೇ ಇರ್ಲಿ" ಎಂದರು. ಆಮೇಲೆ ಮೆಲ್ಲಗೆ, "ಇದನ್ನ ನನಗ ಕಳಿಸಮ್ಮ" ಎಂದರು.

ಅದರ ಹಿಂದೆಯೇ ಮಕ್ಕಳ ಸಿನಿಮಾ ಬಂತು. ಕಾಲುವೆ ಪರಶುರಾಮನ ದನಿಯಲ್ಲಿ, "ನಾನು ಡ್ಯಾಮಿನಿಂದ ದಿನಾ ನಡಕೋತ ಬರ್ತೀನಿ, ನನಗ ಯಾರೂ ಹಾರ ಹಾಕೂದಿಲ್ಲ" ಎಂದು ಹೇಳಿಕೊಂಡಿತು. ಸಾಹೇಬರು ನಕ್ಕು, "ಇದನ್ನ ಕಲಿಸಿದವರು ಯಾರು?" ಎಂದರು.

"ಸರ್" ಎಂದರು ಮಕ್ಕಳು ಒಟ್ಟಾಗಿ ಕೈತೋರಿಸಿ. ಅರ್ಧ ಕೈಗಳು ಮೇಷ್ಟ್ರ ಕಡೆಗಿದ್ದವು. ಉಳಿದರ್ಧ ಕುರ್ಚಿಯ ಮೇಲಿನ ಫೋಟೋದ ಕಡೆಗಿದ್ದವು.

ಅಂದು ಸಂಜೆ ಚಿತ್ತವಾಡ್ಗಿಯ ಮನೆಯಲ್ಲಿ ಮಾವ ಅಳಿಯ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತರು. ಜ್ವರದವರಿಗೆ ಮಿರ್ಚಿ ಕೊಡಬಾರದು. ಆದರೆ ಸತ್ತು ಬಂದವರಿಗೆ ಪಂಪಮ್ಮ ಇಲ್ಲವೆನ್ನಲಿಲ್ಲ. ಸಾರಿಗೆ ಉಪ್ಪನ್ನೂ ಹಾಕಿದ್ದಳು.

"ಮಾವಾ, ಆ ವಿಡಿಯೋ ಅಳಿಸಿಬಿಡ್ರಿ" ಎಂದ ರೇವಣಸಿದ್ದ.

"ಅಳಿಸ್ತೀನಪ್ಪ. ಇನ್ನೊಮ್ಮೆ ನೋಡಿ ಅಳಿಸ್ತೀನಿ."

ನಾವು ಇದನ್ನು ಬರೆಯುವ ಹೊತ್ತಿಗೂ ಅವರು ಇನ್ನೊಮ್ಮೆ ನೋಡುತ್ತಲೇ ಇದ್ದಾರೆ.

ಜ್ವರ ಬಿಟ್ಟ ಮೇಲೆ ಮೇಷ್ಟ್ರು ಎಂದಿನಂತೆ ಪೇಟ ಸುತ್ತಿಕೊಂಡು ಓಣಿಯ ತುದಿಗೆ ಹೋದರು. ಅಷ್ಟರಲ್ಲಿ ನಡೆದದ್ದೆಲ್ಲ ಎರ್ರೆಮ್ಮನಿಗೆ ಮುಟ್ಟಿತ್ತು. ಅವಳು ದಾರದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರನ್ನು ಬಹಳ ಹೊತ್ತು ನೋಡಿದಳು. ತಿಂಗಳುಗಟ್ಟಲೆ ಕೊಂಡವರನ್ನು ಮತ್ತೆ ಕೇಳುವುದು ಸರಿಯಲ್ಲವೆನಿಸಿದರೂ ಅಳತೆಯ ವಿಷಯದಲ್ಲಿ ದಾಕ್ಷಿಣ್ಯ ಮಾಡುವಂತಿರಲಿಲ್ಲ.

"ಸರ, ಕೊರಳಿಗೋ, ಫೋಟೋಕ್ಕೋ?"

ಮೇಷ್ಟ್ರು ಪೇಟ ಸರಿಮಾಡಿಕೊಂಡರು.

"ಎರಡಕ್ಕೂ ಹೊಂದೂವಂಥದ್ದು ಕಟ್ಟವ್ವ" ಎಂದರು.